ಪ್ಯಾರಿಸ್ ಪಾತ್ರೆ ಪುರಾಣ

ಫ್ರಾನ್ಸ್‌ನ ಹೋಟೆಲುಗಳ ಮೆನುವಿನಲ್ಲಿ ಕೆಲವು ಐಟಂಗಳ ಪಕ್ಕ ಒಂದು ಪುಟ್ಟ ಚಿತ್ರ ಇರುತ್ತದೆ. ಉದ್ದ ಹಿಡಿಯ ಪಾತ್ರೆ, ಮುಚ್ಚಳದ ಜಾಗದಲ್ಲಿ ಮನೆಯ ಸೂರು. ಯಾರೋ ಮಕ್ಕಳು ಬಿಡಿಸಿದ್ದಲ್ಲ, ಸಾಕ್ಷಾತ್ ಸರ್ಕಾರದ್ದು. 2014ರಲ್ಲಿ ಕಾನೂನು ಮಾಡಿ ತಂದ ಮುದ್ರೆ. ಹೆಸರು ‘ಫೇ ಮೇಜೋಂ’. ಈ ಒಂದು ಪದಾರ್ಥವನ್ನು ನಾವು ಇಲ್ಲೇ, ನಮ್ಮ ಅಡುಗೆಮನೆಯಲ್ಲೇ ಮಾಡಿದ್ದೇವೆ ಸ್ವಾಮಿ ಅಂತ ಹೋಟೆಲಿನವರು ಗಿರಾಕಿಗೆ ಬರೆದುಕೊಡುವ ಮುಚ್ಚಳಿಕೆ.

ಹಾಗಾದರೆ ಮುದ್ರೆ ಇಲ್ಲದ ಪದಾರ್ಥ ಎಲ್ಲಿಂದ ಬಂತು? ಅದನ್ನು ಕೇಳಬಾರದು. ಫ್ಯಾಕ್ಟರಿಯಲ್ಲಿ ಬೆಂದು, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಲಾರಿಯಲ್ಲಿ ಬಂದು, ಮೈಕ್ರೋವೇವ್‌ನಲ್ಲಿ ನಾಲ್ಕು ಸುತ್ತು ತಿರುಗಿ ತಟ್ಟೆಗೆ ಇಳಿಯುವ ಊಟ ಜಾಸ್ತಿಯಾಗಿದ್ದಕ್ಕೇ ಈ ಕಾನೂನು ಬಂದಿದ್ದು. ತಮಾಷೆ ಅಂದರೆ, ಅದಕ್ಕೂ ಮೊದಲು 2010ರಲ್ಲೇ ಫ್ರೆಂಚರ ಊಟದ ಪದ್ಧತಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತ್ತು. ಮೊದಲು ಲೋಕದ ಬಾಯಲ್ಲಿ ಭೇಷ್ ಅನ್ನಿಸಿಕೊಂಡರು. ಆಮೇಲೆ ಅಡುಗೆ ಮಾಡುತ್ತಿರುವುದು ಯಾರು ಅಂತ ವಿಚಾರಿಸಿದರು.

ಕಾನೂನಿನ ಒಳಕ್ಕೆ ಇಳಿದರೆ ಇನ್ನೂ ಮಜಾ ಇದೆ. ಮುದ್ರೆ ಬೇಕಾದರೆ ಹಸಿ ಪದಾರ್ಥದಿಂದ ಅಡುಗೆ ಮಾಡಿರಬೇಕು. ಸರಿ. ಆದರೆ ಫ್ರೀಜರ್‌ನಲ್ಲಿ ಕಲ್ಲಾಗಿರುವ ಮೀನೂ ಹಸಿ ಪದಾರ್ಥವೇ. ಬೇರೆ ಯಾರೋ ಹೆಚ್ಚಿ ಪ್ಯಾಕ್ ಮಾಡಿ ಕಳಿಸಿದ ತರಕಾರಿಯೂ ಹಸಿ ಪದಾರ್ಥವೇ. ಬ್ರೆಡ್ಡು, ಚೀಸು, ಪಫ್ಸಿಗೆ ಬೇಕಾದ ಹಿಟ್ಟಿನ ಹಾಳೆ ಹೊರಗಿಂದ ತಂದರೂ ಮಾಫಿ. ಹೆಚ್ಚಿದವನು ಒಬ್ಬ, ಲಟ್ಟಿಸಿದವನು ಇನ್ನೊಬ್ಬ, ಒಲೆ ಹಚ್ಚಿದವನು ನಾನು. ಆದ್ದರಿಂದ ಕೈರುಚಿ ನಂದು!

ಪ್ಯಾರಿಸ್ ಪ್ರವಾಸಕ್ಕೆ ನಮ್ಮ ಜೊತೆ ಬಂದಿದ್ದ ಚಿಕ್ಕಮ್ಮ ಪಕ್ಕಾ ಸಸ್ಯಾಹಾರಿ. ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಈರುಳ್ಳಿ ಸೂಪು ಹೇಳಿದರು. ಈರುಳ್ಳಿ, ಬ್ರೆಡ್ಡು, ಚೀಸು. ಎಲ್ಲೂ ಅನುಮಾನ ಪಡುವಂಥದ್ದಿಲ್ಲ. ಆದರೂ ವಿಚಾರಣೆ ಶುರುವಾಯಿತು.

“ಮಾಂಸ ಇಲ್ಲ ತಾನೆ?” ಇಲ್ಲವೇ ಇಲ್ಲ ಅಂದ ಮಾಣಿ. “ಮೊಟ್ಟೆ?” ಇಲ್ಲ. “ಮೀನು?” ಅವನಿಗೆ ಅವಮಾನವಾದಂತೆ ಕಂಡಿತು. ಈರುಳ್ಳಿ ಸೂಪಿಗೆ ಯಾರಾದರೂ ಮೀನು ಹಾಕುತ್ತಾರಾ ಮೇಡಂ? “ಹಾಗಾದರೆ ಬರೀ ಈರುಳ್ಳಿ ಮತ್ತು ನೀರು?” ಈ ಸಲ ಅವನು ಎದೆಯುಬ್ಬಿಸಿ ನಿಂತ. “ನೀರಾ? ದನದ ಮೂಳೆ ಹಾಕಿ ಗಂಟೆಗಟ್ಟಲೆ ಕುದಿಸಿದ ರಸ ಮೇಡಂ!”

ಚಿಕ್ಕಮ್ಮ ಬ್ಯಾಗಿನಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಬುಟ್ಟಿಯಲ್ಲಿದ್ದ ಬ್ಯಾಗೆಟ್ ಮುರಿದು ಅದ್ದಿಕೊಂಡು ತಿಂದರು. ನಿಜ ಹೇಳಬೇಕೆಂದರೆ ಆ ಮೇಜಿನ ಮೇಲೆ ಚೆನ್ನಾಗಿದ್ದದ್ದು ಅದೊಂದೇ. ಅಲ್ಲಿ ಊಟದ ಜೊತೆ ಬ್ರೆಡ್ಡು ಬಿಟ್ಟಿ, ಜಗ್‌ನಲ್ಲಿ ಕೊಡುವ ನಲ್ಲಿ ನೀರೂ ಬಿಟ್ಟಿ. ಅದನ್ನು ಕೇಳಿ ತಗೊಳ್ಳಬೇಕು ಅಷ್ಟೆ. ಕೇಳದ ಟೂರಿಸ್ಟುಗಳಿಗೆ ಸೀಸೆ ನೀರು ಬರುತ್ತದೆ, ಹಿಂದೆಯೇ ಬಿಲ್ಲೂ ಬರುತ್ತದೆ.

ಇದೇ ದೇಶದ ಸರ್ಕಾರ 2024ರ ಫೆಬ್ರವರಿಯಲ್ಲಿ ಒಂದು ಆದೇಶ ಹೊರಡಿಸಿತು. ಸೋಯಾ, ಬಟಾಣಿಯಿಂದ ಮಾಡಿದ ಪದಾರ್ಥಕ್ಕೆ ‘ಸ್ಟೇಕ್’, ‘ಹ್ಯಾಮ್’ ಅಂತೆಲ್ಲ ಹೆಸರಿಡುವ ಹಾಗಿಲ್ಲ, ಗಿರಾಕಿಗೆ ಗೊಂದಲವಾಗುತ್ತದೆ ಅಂತ. ಅಲ್ಲಿನ ಕೋರ್ಟು ಏಪ್ರಿಲ್‌ನಲ್ಲೇ ತಡೆ ಕೊಟ್ಟಿತು. ಅಕ್ಟೋಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಕೂಡ ಹೀಗೆಲ್ಲ ನಿಷೇಧಿಸಲು ಬರುವುದಿಲ್ಲ ಅಂದಿತು. ಇರಲಿ, ಸರ್ಕಾರದ ತರ್ಕ ಗಮನಿಸಿ. ಸೋಯಾ ತುಂಡಿಗೆ ಸ್ಟೇಕ್ ಅಂದರೆ ಮೋಸ. ದನದ ಮೂಳೆ ರಸಕ್ಕೆ ಈರುಳ್ಳಿ ಸೂಪು ಅಂದರೆ ಪರಂಪರೆ.

ಹೊಟ್ಟೆಗೆ ಸೇರದ್ದನ್ನು ಸೂಟ್‌ಕೇಸಿಗಾದರೂ ಸೇರಿಸಬೇಕಲ್ಲ. ಪ್ಯಾರಿಸ್‌ನ ನಡುಮಧ್ಯೆ ಲೇ ಆಲ್ ಅನ್ನುವ ಕಡೆ ಹಿಂದೆ ಊರಿನ ದೊಡ್ಡ ಮಾರ್ಕೆಟ್ ಇತ್ತು. 1969ರಲ್ಲಿ ಅದನ್ನು ಊರಾಚೆ ಸಾಗಿಸಿದರು. ತರಕಾರಿ, ಮಾಂಸ ಎಲ್ಲ ಹೊರಟುಹೋಯಿತು. ಪಾತ್ರೆ ಅಂಗಡಿಗಳು ಮಾತ್ರ ಉಳಿದುಕೊಂಡವು. 1814ರ ಮೋರಾ, 1820ರ ದೆಯಿಲರಾಂ ಎರಡೂ ಆ ಆಸುಪಾಸಿನವೇ. ದೆಯಿಲರಾಂ ಒಳಗೆ ಹೊಕ್ಕರೆ ತಲೆ ಮೇಲೆ ತಾಮ್ರದ ಪಾತ್ರೆಗಳು ಸಾಲುಸಾಲು ನೇತಾಡುತ್ತವೆ. ತುಪ್ಪ ಕಾಯಿಸುವಷ್ಟು ಪುಟ್ಟದರಿಂದ ಹಿಡಿದು ಕೊಪ್ಪರಿಗೆಯವರೆಗೆ. ಅಲ್ಲಿ ಎಲ್ಲರೂ ದೇವಸ್ಥಾನಕ್ಕೆ ಬಂದವರ ಹಾಗೆ ಕತ್ತೆತ್ತಿ ಮೆತ್ತಗೆ ಮಾತಾಡುತ್ತಾರೆ. ಹೊರಗೆ ಮೈಕ್ರೋವೇವ್ ಊಟ ಮಾಡಿ ಬಂದವರೇ ಒಳಗೆ ಬಂದು ಅಡುಗೆಯ ವಿಷಯದಲ್ಲಿ ಭಾವುಕರಾಗುತ್ತಾರೆ.

ಚಿಕ್ಕಪ್ಪನ ಕೈಯಲ್ಲಿ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇತ್ತು. ಬೇರೊಂದು ಅಂಗಡಿಯಲ್ಲಿ ಲೆ ಕ್ರೂಸೆ ಕಂಪನಿಯ ಕಿತ್ತಳೆ ಬಣ್ಣದ ಪಾತ್ರೆಯನ್ನು ಅದಕ್ಕೆ ನೇತುಹಾಕಿಯೇ ಬಿಟ್ಟರು. ಬೀಡು ಕಬ್ಬಿಣಕ್ಕೆ ಎನಾಮೆಲ್ ಹಚ್ಚಿದ ಪಾತ್ರೆ, ಹತ್ತಿರ ಹತ್ತಿರ 5 ಕಿಲೋ. ಮುಳ್ಳು ನೋಡಿ ಗಾಬರಿಯಾದರು. “ಏನ್ ಭಾರ ಇದೆ! ಕೊಡು, ಎರಡು ತಗೋತೀನಿ” ಅಂದರು. ಭಾರ ಇದ್ದರೆ ಬೆಲೆಗೆ ನ್ಯಾಯ ಸಿಕ್ಕಿತು ಅನ್ನುವುದು ನಮ್ಮವರ ಹಳೇ ಸಿದ್ಧಾಂತ. ಅಂದಹಾಗೆ ಫ್ರೆಂಚ್ ಅಡುಗೆಮನೆಯ ಕಳಶದಂತಿರುವ ಈ ಕಂಪನಿಯನ್ನು 1925ರಲ್ಲಿ ಶುರು ಮಾಡಿದವರು ಇಬ್ಬರು ಬೆಲ್ಜಿಯಂನವರು.

ಚಿಕ್ಕಮ್ಮ ಮಾತ್ರ ತಾಮ್ರದ ಮುಂದೆಯೇ ನಿಂತಿದ್ದರು. ಒಂದು ಪಾತ್ರೆ ಎತ್ತಿ ಒಳಗೆ ಬೆರಳಾಡಿಸಿ, “ಅಯ್ಯೋ, ಇದು ಕಲಾಯಿ ಕಣೇ!” ಅಂದರು. ಹೌದು, ಕಲಾಯಿಯೇ. ಹಳೇ ಪದ್ಧತಿಯ ಫ್ರೆಂಚ್ ತಾಮ್ರಕ್ಕೂ ಒಳಗೆ ತವರವೇ. ನಾರ್ಮಂಡಿಯಲ್ಲಿ ವಿಲ್‌ದ್ಯೂ ಅಂತ ಒಂದು ಊರಿದೆ, ತಲೆತಲಾಂತರದಿಂದ ತಾಮ್ರ ಬಡಿಯುವುದೇ ಅಲ್ಲಿನ ಕಸುಬು. ಸುತ್ತಿಗೆ ಸದ್ದಿಗೆ ಕಿವಿ ಹೋದವರು ಅಂತಲೇ ಆ ಊರಿನವರಿಗೆ ಅಡ್ಡಹೆಸರು. ಅಜ್ಜಿ ಕಾಲದ ತಾಮ್ರದ ಹಂಡೆ, ಕೊಳದಪ್ಪಲೆ, ಚೊಂಬು ಎಲ್ಲವನ್ನೂ ಇದೇ ಚಿಕ್ಕಮ್ಮ ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ತಗೊಂಡಿದ್ದರು. ಕಲಾಯಿಯವನ ಕಾಟ ತಪ್ಪಿತು ಅಂತ ಆಗ ಸಂಭ್ರಮ. ಈಗ ಅದನ್ನೇ ಯೂರೋ ಕೊಟ್ಟು ತಗೊಂಡು, “ಎಷ್ಟು ಆರೋಗ್ಯ ಗೊತ್ತಾ?” ಅಂತ ನಮಗೇ ಹೇಳಿದರು.

ಪಾತ್ರೆಗೆ ಆ ದೇಶದಲ್ಲಿ ರಾಜಕೀಯದಲ್ಲೂ ಕೆಲಸ ಇದೆ. 2023ರಲ್ಲಿ ಪಿಂಚಣಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಿದಾಗ ಜನ ಅಧ್ಯಕ್ಷ ಮ್ಯಾಕ್ರೋನ್ ಹೋದಲ್ಲೆಲ್ಲ ಪಾತ್ರೆ ಬಡಿದರು. ಪಾತ್ರೆಗಳಿಂದ ಫ್ರಾನ್ಸ್ ಮುಂದಕ್ಕೆ ಹೋಗುವುದಿಲ್ಲ ಅಂದರು ಅಧ್ಯಕ್ಷರು. ಕ್ರಿಸ್ಟೆಲ್ ಅನ್ನುವ ಪಾತ್ರೆ ಕಂಪನಿ ತಕ್ಷಣ, ನಾವು ಮಾಡುವ ಪಾತ್ರೆಗಳಿಂದ ಹೋಗುತ್ತದೆ ಸ್ವಾಮಿ ಅಂತ ಟ್ವೀಟ್ ಮಾಡಿತು. ಮಾರನೆಯ ದಿನ ದಕ್ಷಿಣದ ಗಾಂಜ್ ಅನ್ನುವ ಪುಟ್ಟ ಊರಿಗೆ ಅಧ್ಯಕ್ಷರ ಸವಾರಿ. ಕೈಯಲ್ಲಿ ಒಯ್ಯುವ ಸದ್ದಿನ ಸಾಧನಗಳಿಗೆ ಅಧಿಕಾರಿಗಳು ನಿಷೇಧ ಹಾಕಿದ್ದರು. ಪೊಲೀಸರು ಜನರ ಕೈಯಿಂದ ಪಾತ್ರೆ ಕಿತ್ತುಕೊಂಡರು. ನಾವೂ 2020ರ ಮಾರ್ಚ್ 22ರ ಸಂಜೆ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದವರೇ. ವ್ಯತ್ಯಾಸ ಇಷ್ಟೇ, ನಾವು ಬಡಿದದ್ದು ಸರ್ಕಾರ ಹೇಳಿತು ಅಂತ.

2024ರಲ್ಲಿ ಪಾತ್ರೆ ಫ್ರಾನ್ಸಿನ ಪಾರ್ಲಿಮೆಂಟಿನ ಬಾಗಿಲಿಗೇ ಬಂತು. ಪಿಎಫ್‌ಎಎಸ್ ಅನ್ನುವ, ತಳ ಹಿಡಿಯದ ಪ್ಯಾನಿನ ಲೇಪಕ್ಕೂ ಬಳಸುವ, ಪರಿಸರದಲ್ಲಿ ಸುಲಭಕ್ಕೆ ನಾಶವಾಗದ ರಾಸಾಯನಿಕಗಳನ್ನು ನಿಷೇಧಿಸುವ ಮಸೂದೆ ಚರ್ಚೆಯಲ್ಲಿತ್ತು. ಟೆಫಾಲ್ ಪ್ಯಾನುಗಳ ಕಂಪನಿ ಸೆಬ್‌ನ ಕಾರ್ಮಿಕರು ಹೊರಗೆ ಪ್ರತಿಭಟನೆಗೆ ನಿಂತರು. ಸಂಸದರು ಅಡುಗೆ ಪಾತ್ರೆಯನ್ನು ಪಟ್ಟಿಯಿಂದ ಕೈಬಿಟ್ಟರು. ಮೈಗೆ ಹಚ್ಚುವ ಕ್ರೀಮು ನಿಷೇಧದಲ್ಲಿ ಉಳಿಯಿತು, ದೋಸೆ ಹುಯ್ಯುವ ತವಾ ಪಾರಾಯಿತು. ಬೀದಿ, ಪಾರ್ಲಿಮೆಂಟು, ಪೊಲೀಸ್ ಜೀಪು, ಮೆನು ಕಾರ್ಡು, ಟೂರಿಸ್ಟಿನ ಸೂಟ್‌ಕೇಸು. ಪಾತ್ರೆ ಹೋಗದ ಜಾಗವೇ ಇಲ್ಲ, ಹೋಟೆಲಿನ ಒಲೆಯೊಂದನ್ನು ಬಿಟ್ಟು.

ಚಾಕುವಿನ ಕಥೆ ಚಿಕ್ಕದು. ಲಾಯೋಲ್ ಅನ್ನುವ ಹಳ್ಳಿ ತನ್ನ ಚಾಕುವಿಗೆ ಪ್ರಸಿದ್ಧ. 1993ರಲ್ಲಿ ಹೊರಗಿನವರೊಬ್ಬರು ಆ ಹಳ್ಳಿಯ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. 2012ರಲ್ಲಿ ಕೋರ್ಟಿನಲ್ಲಿ ಹಳ್ಳಿ ಸೋತಿತು. ಊರಿನವರು ಸಿಟ್ಟಿಗೆ ಊರ ಹೆಸರಿನ ಬೋರ್ಡನ್ನೇ ಕಿತ್ತು ಹಾಕಿದರು. ಪ್ಯಾರಿಸ್‌ನ ಟೂರಿಸ್ಟ್ ಅಂಗಡಿಗಳಲ್ಲಿ ಆ ಹೆಸರಿನ ಚಾಕುಗಳು ರಾಶಿ ಬಿದ್ದಿವೆ. ಎಲ್ಲಿ ಮಾಡಿದ್ದು ಅಂತ ತಿರುಗಿಸಿ ನೋಡಿದರೆ ಏಷ್ಯಾದಿಂದ ಏಷ್ಯಾಕ್ಕೇ ವಾಪಸ್ ಒಯ್ಯುತ್ತಿರುವುದು ಎಷ್ಟೋ ಸಲ ಗೊತ್ತಾಗುತ್ತದೆ.

ಇನ್ನು ತೆರಿಗೆ ವಾಪಸಾತಿ. ಒಂದೇ ಅಂಗಡಿಯಲ್ಲಿ 100 ಯೂರೋ ದಾಟಿದರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ತೆರಿಗೆ ಹಿಂದಿರುಗಿಸುತ್ತಾರೆ. ತೆರಿಗೆ 20 ಪರ್ಸೆಂಟು. ನಡುವಿನವರು ತಮ್ಮ ಪಾಲು ಹಿಡಿದು ಕೈಗೆ ಬರುವುದು ಸುಮಾರು 12. ಅಷ್ಟಕ್ಕೆ ವಿಮಾನ ನಿಲ್ದಾಣದಲ್ಲಿ ಪಾಬ್ಲೊ ಅನ್ನುವ ಮಷಿನ್ ಮುಂದೆ ಕ್ಯೂ. ಕಸ್ಟಮ್ಸ್‌ನವರು ಕೇಳಿದರೆ ತೋರಿಸಬೇಕು ಅಂತ ಜನ ಪಾತ್ರೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿರುತ್ತಾರೆ. ಉಳಿಸಿದ್ದನ್ನು ಪಕ್ಕದ ಕೌಂಟರ್‌ನಲ್ಲಿ ಹೆಚ್ಚುವರಿ ಲಗೇಜಿಗೆ ಕಟ್ಟುತ್ತಾರೆ. ಚಿಕ್ಕಪ್ಪನ ತಕ್ಕಡಿ ಮತ್ತು ವಿಮಾನದವರ ತಕ್ಕಡಿ ಒಂದಕ್ಕೊಂದು ಒಪ್ಪಲಿಲ್ಲ ಅಂತಷ್ಟೇ ಹೇಳಬಲ್ಲೆ.

ಮನೆಗೆ ಬಂದ ಮೇಲೆ ಚಿಕ್ಕಮ್ಮ ತಾಮ್ರದ ಪಾತ್ರೆಗೆ ಪೂಜೆ ಮಾಡಿ ಒಲೆಗಿಟ್ಟರು. ಒಗ್ಗರಣೆ ಅಂದ ಮೇಲೆ ಮೊದಲು ಪಾತ್ರೆ ಚುರುಗುಟ್ಟುವಷ್ಟು ಕಾಯಬೇಕು, ಆಮೇಲೆ ಎಣ್ಣೆ, ಆಮೇಲೆ ಸಾಸಿವೆ. ತವರ ಕರಗುವುದು 232 ಡಿಗ್ರಿಗೆ. ಫ್ರೆಂಚರಿಗೆ ಒಗ್ಗರಣೆ ಗೊತ್ತಿಲ್ಲ. ಸಾಸಿವೆ ಸಿಡಿಯುವ ಮೊದಲೇ ಕಲಾಯಿ ಕರಗಿ ಬೆಳ್ಳಗೆ ಗುಳ್ಳೆಗುಳ್ಳೆಯಾಗಿ ಒಂದು ಮೂಲೆ ಸೇರಿತು.

ಕಲಾಯಿಯವನನ್ನು ಇಡೀ ಬಡಾವಣೆಯಲ್ಲಿ ಹುಡುಕಿದ್ದಾಯಿತು. ಯಾರೂ ಕರೆಯುವುದಿಲ್ಲ ಅಂತ ಅವನು ಯಾವತ್ತೋ ಬೇರೆ ಕೆಲಸ ಹಿಡಿದಿದ್ದ. ಅಂಗಡಿಗೆ ಇಮೇಲ್ ಹಾಕಿದ್ದಕ್ಕೆ ಬಹಳ ಮರ್ಯಾದೆಯ ಉತ್ತರ ಬಂದಿದೆ, ಪಾತ್ರೆ ಕಳಿಸಿಕೊಡಿ, ಹೊಸದಾಗಿ ತವರ ಹಾಕಿಸಿಕೊಡುತ್ತೇವೆ ಅಂತ. ಮುಂದಿನ ರಜೆಗೆ ಎಲ್ಲಿಗೆ ಹೋಗುವುದು ಅಂತ ಮನೆಯಲ್ಲಿ ಈ ಸಲ ಜಗಳವಿಲ್ಲ. ಕಲಾಯಿ ಹಾಕಿಸಲು ನಾರ್ಮಂಡಿಗೆ.