ಶತ್ರು ದೊಡ್ಡವನಾದಷ್ಟೂ ಬಜೆಟ್ಟು ದೊಡ್ಡದು

ಶೀತಲ ಸಮರದ ಬಗ್ಗೆ ಶಾಲೆಯಲ್ಲಿ ಕಲಿತಿದ್ದು ಇಷ್ಟೇ. ಎರಡನೇ ಮಹಾಯುದ್ಧ ಮುಗಿಯಿತು, ಒಂದು ಕಡೆ ಬಂಡವಾಳಶಾಹಿ ಅಮೆರಿಕ, ಇನ್ನೊಂದು ಕಡೆ ಕಮ್ಯುನಿಸ್ಟ್ ಸೋವಿಯತ್ ಒಕ್ಕೂಟ, ಇಬ್ಬರಿಗೂ ಸಿದ್ಧಾಂತದ ಜಗಳ, ಎರಡು ಅಂಕದ ಪ್ರಶ್ನೆ. ಬರೆದು ಪಾಸಾದೆವು. ಆಮೇಲೆ ಆ ಕಾಲದ ಕಾಗದಪತ್ರಗಳು ಒಂದೊಂದಾಗಿ ಹೊರಗೆ ಬಂದವು ನೋಡಿ, ಆಗ ಗೊತ್ತಾಯಿತು ಇವರಿಬ್ಬರಷ್ಟು ಹೊಂದಾಣಿಕೆಯಿಂದ ಕೆಲಸ ಮಾಡಿದವರು ಚರಿತ್ರೆಯಲ್ಲೇ ಅಪರೂಪ ಅಂತ. ದೇವರು, ದುಡ್ಡು, ಜಮೀನು ಯಾವುದರಲ್ಲೂ ಒಪ್ಪದವರು ಒಂದು ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಒಂದೇ ಮಾತು ಆಡಿದರು: ಸೋವಿಯತ್ ಒಕ್ಕೂಟ ಇರುವುದಕ್ಕಿಂತ ದೊಡ್ಡದಾಗಿ ಕಾಣಬೇಕು. ಮಾಸ್ಕೋಗೆ ಅದರಿಂದ ಮರ್ಯಾದೆ. ವಾಷಿಂಗ್ಟನ್‌ಗೆ ಅದರಿಂದ ಬಜೆಟ್.

ಈ ಲೆಕ್ಕದ ಚಟ ಯುದ್ಧ ಮುಗಿಯುವ ಮೊದಲೇ ಶುರುವಾಗಿತ್ತು. 1944ರ ಅಕ್ಟೋಬರ್‌ನಲ್ಲಿ ಚರ್ಚಿಲ್ ಮಾಸ್ಕೋಗೆ ಹೋಗಿ ಸ್ಟಾಲಿನ್ ಎದುರು ಕೂತು, ಯಾವ ದೇಶದಲ್ಲಿ ಯಾರ ಹಿಡಿತ ಎಷ್ಟಿರಬೇಕು ಅಂತ ಒಂದು ಅರ್ಧ ಹಾಳೆಯ ಮೇಲೆ ಪಟ್ಟಿ ಬರೆದರು. ರೊಮೇನಿಯಾ, ರಷ್ಯಾಕ್ಕೆ 90 ಪರ್ಸೆಂಟ್. ಗ್ರೀಸ್, ಬ್ರಿಟನ್‌ಗೆ 90. ಯುಗೊಸ್ಲಾವಿಯಾ, ಹಂಗೇರಿ ಅರ್ಧರ್ಧ. ಬಲ್ಗೇರಿಯಾ, ರಷ್ಯಾಕ್ಕೆ 75. ಸ್ಟಾಲಿನ್ ನೀಲಿ ಪೆನ್ಸಿಲ್ ತೆಗೆದುಕೊಂಡು ಒಂದು ರೈಟ್ ಮಾರ್ಕ್ ಹಾಕಿ ಹಾಳೆಯನ್ನು ವಾಪಸ್ ತಳ್ಳಿದರು. ಲಕ್ಷಾಂತರ ಜನರ ಹಣೆಬರಹವನ್ನು ಹೀಗೆ ಗೀಚಿದ್ದು ನೋಡಿದವರಿಗೆ ಚೆನ್ನಾಗಿ ಕಾಣಲ್ಲ, ಸುಟ್ಟುಬಿಡೋಣವೇ ಅಂತ ಚರ್ಚಿಲ್ ಕೇಳಿದರಂತೆ. ಬೇಡ, ನೀವೇ ಇಟ್ಟುಕೊಳ್ಳಿ ಅಂದರಂತೆ ಸ್ಟಾಲಿನ್. ಇದನ್ನು ಯಾರೋ ಆಗದವರು ಕಟ್ಟಿದ ಕತೆ ಅನ್ನಬೇಡಿ, ಬರೆದಿಟ್ಟವರು ಸ್ವತಃ ಚರ್ಚಿಲ್. ಮರುದಿನದಿಂದ ಇಬ್ಬರ ವಿದೇಶಾಂಗ ಸಚಿವರು, ಈಡನ್ ಮತ್ತು ಮೊಲೊಟೊವ್, ಚೌಕಾಸಿಗೆ ಕೂತರು. ಹಂಗೇರಿಯಲ್ಲಿ 50 ಸಾಲಲ್ಲ ಅಂತ ಮೊಲೊಟೊವ್ ಹಟ ಹಿಡಿದು, ಎಳೆದಾಡಿ, ಕೊನೆಗೆ 80ಕ್ಕೆ ತಂದು ನಿಲ್ಲಿಸಿದರು. 80 ಪರ್ಸೆಂಟ್ ಹಂಗೇರಿ ಅಂದರೆ ಏನು ಲೆಕ್ಕ? ವಾರದಲ್ಲಿ ಐದೂವರೆ ದಿನ ಕಮ್ಯುನಿಸಮ್ಮಾ? ಹಂಗೇರಿಯವರನ್ನಂತೂ ಯಾರೂ ಕೇಳಲಿಲ್ಲ.

ಕೊರಿಯಾದ ಪಾಡು ಇನ್ನೂ ಚೆಂದ. 1945ರ ಆಗಸ್ಟ್, ವಾಷಿಂಗ್ಟನ್‌ನಲ್ಲಿ ರಾತ್ರಿ ಹೊತ್ತು ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಅನ್ನುವ ಇಬ್ಬರು ಸೇನಾಧಿಕಾರಿಗಳನ್ನು ಕರೆದು, ನಮ್ಮ ಸೇನೆಗೂ ಸೋವಿಯತ್ ಸೇನೆಗೂ ನಡುವೆ ಕೊರಿಯಾವನ್ನು ಎಲ್ಲಿ ಕತ್ತರಿಸೋದು ನೋಡಿ ಅಂದರು. ಅರ್ಧ ಗಂಟೆ ಟೈಮು. ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಒಂದು ನಕಾಶೆ. ಅದರಲ್ಲಿ 38ನೇ ಅಕ್ಷಾಂಶದ ಗೆರೆ ಇತ್ತು, ಅದೇ ಆಯಿತು. ಸೋವಿಯತ್ ಕಡೆಯವರು ತಕರಾರಿಲ್ಲದೆ ಒಪ್ಪಿದ್ದು ಕಂಡು ರಸ್ಕ್‌ಗೇ ಆಶ್ಚರ್ಯ. ಆಮೇಲೆ 1950ರಿಂದ 53ರವರೆಗೆ ಯುದ್ಧ, ಲಕ್ಷಗಟ್ಟಲೆ ಸಾವು, ಊರಿಗೆ ಊರೇ ಬೂದಿ. ಕದನ ವಿರಾಮವಾದಾಗ ಗಡಿ ಹೆಚ್ಚುಕಡಿಮೆ ಹಳೇ ಜಾಗದಲ್ಲೇ. ಗೆರೆ ಎಳೆದ ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದರು.

ನಡುವಿನ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಎಲ್ಲರಿಗೂ ಗೊತ್ತು. 1946ರಲ್ಲಿ ಚರ್ಚಿಲ್ ಅಮೆರಿಕದ ಫುಲ್ಟನ್‌ನಲ್ಲಿ ನಿಂತು ಯುರೋಪಿನ ಮೇಲೆ ಕಬ್ಬಿಣದ ಪರದೆ ಬಿದ್ದಿದೆ ಅಂತ ಭಾಷಣ ಮಾಡಿದರು. ಪಟ್ಟಿ ಬರೆದು ಕೊಟ್ಟವರೂ ಇವರೇ ಅನ್ನೋದನ್ನ ಸಭಿಕರಿಗೆ ಹೇಳಲಿಲ್ಲ. 1947ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ಕೇಳಿದರು. ಆಮೇಲೆ ಯುರೋಪನ್ನು ಮತ್ತೆ ಕಟ್ಟಲು ಮಾರ್ಷಲ್ ಯೋಜನೆ, ಸುಮಾರು 1,300 ಕೋಟಿ ಡಾಲರ್. ಜೆಕೊಸ್ಲೊವಾಕಿಯಾ ದುಡ್ಡು ಬೇಕು ಅಂತು, ಸ್ಟಾಲಿನ್ ಕರೆಸಿ ಬೇಡ ಅನ್ನಿಸಿದರು. 1948ರಲ್ಲಿ ಬರ್ಲಿನ್ ರಸ್ತೆಗಳು ಬಂದ್, 1949ರಲ್ಲಿ ಅಮೆರಿಕ ಮತ್ತು ಗೆಳೆಯರ ಸೇನಾ ಸಂಘ ನೇಟೋ, ಅದೇ ವರ್ಷ ಆಗಸ್ಟ್‌ನಲ್ಲಿ ಸೋವಿಯತ್ ಅಣುಬಾಂಬ್. ಇನ್ನೊಂದು ಸಂಗತಿ ಪಠ್ಯಪುಸ್ತಕದಲ್ಲಿ ಬರಲ್ಲ: 1954ರಲ್ಲಿ ಸೋವಿಯತ್ ಒಕ್ಕೂಟ ನಾವೂ ನೇಟೋ ಸೇರುತ್ತೇವೆ ಅಂತ ಪ್ರಸ್ತಾಪ ಕಳಿಸಿತು. ಯಾರನ್ನು ತಡೆಯಲು ಸಂಘ ಕಟ್ಟಿದ್ದರೋ ಅವರಿಂದಲೇ ಸದಸ್ಯತ್ವದ ಅರ್ಜಿ! ತಿರಸ್ಕಾರ ಆಯಿತು ಬಿಡಿ. ಮುಂದಿನ ವರ್ಷ ಅವರು ವಾರ್ಸಾದಲ್ಲಿ ತಮ್ಮದೇ ಸಂಘ ಮಾಡಿಕೊಂಡರು.

ಭಯ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಯುದ್ಧದಲ್ಲಿ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡ ದೇಶಕ್ಕೆ ಗಡಿ ಅಂದರೆ ದಿಗಿಲಾಗುವುದು ಸಹಜ. ಆ ಕಡೆ ಸ್ಟಾಲಿನ್ ಪೂರ್ವ ಯುರೋಪಿನಲ್ಲಿ ಮಾಡಿದ್ದನ್ನು ನೋಡಿದವರಿಗೂ ನಿದ್ದೆ ಬರುತ್ತಿರಲಿಲ್ಲ. ಆದರೆ ನಿಜವಾದ ಭಯಕ್ಕೆ ಎಷ್ಟು ಅಂತ ದುಡ್ಡು ಸಿಗುತ್ತೆ? 1950ರಲ್ಲಿ ಅಮೆರಿಕದ ಅಧಿಕಾರಿಗಳು ಒಂದು ರಹಸ್ಯ ವರದಿ ತಯಾರಿಸಿದರು, ಅದಕ್ಕೆ ಎನ್‌ಎಸ್‌ಸಿ-68 ಅಂತ ಹೆಸರು. ಸೋವಿಯತ್ ಅಪಾಯ ದೊಡ್ಡದು, ಸೇನೆಗೆ ದುಡ್ಡು ಸುರಿಯಬೇಕು ಅನ್ನೋದು ಅದರ ಸಾರ. ಆಗಿನ ವಿದೇಶಾಂಗ ಸಚಿವ ಡೀನ್ ಅಚಿಸನ್ ಆ ಕಾಲದ ಬಗ್ಗೆ ಮುಂದೆ ಬರೆಯುತ್ತಾ, ನಾವು ನಮ್ಮ ಮಾತನ್ನು ಸತ್ಯಕ್ಕಿಂತಲೂ ಸ್ಪಷ್ಟವಾಗಿ ಹೇಳಿದೆವು ಅನ್ನುವ ಅರ್ಥದಲ್ಲಿ ಒಪ್ಪಿಕೊಂಡಿದ್ದಾರೆ. ಸತ್ಯಕ್ಕಿಂತ ಸ್ಪಷ್ಟ! ಸುಳ್ಳಿಗೆ ಇಷ್ಟು ನೀಟಾಗಿ ಇಸ್ತ್ರಿ ಮಾಡಿದವರನ್ನು ನಾನು ಬೇರೆ ನೋಡಿಲ್ಲ. ಕೊರಿಯಾ ಯುದ್ಧವೂ ಜೊತೆಗೆ ಬಂತು, ರಕ್ಷಣಾ ಬಜೆಟ್ ಸುಮಾರು ಮೂರು ಪಟ್ಟಾಯಿತು.

ಈಗ ಮಾಸ್ಕೋ ಕಡೆಯ ಸಹಕಾರ ನೋಡಿ. 1955ರ ಜುಲೈ, ಮಾಸ್ಕೋದ ತುಶಿನೊ ವಿಮಾನ ನಿಲ್ದಾಣದಲ್ಲಿ ವಾಯುಸೇನೆಯ ಪ್ರದರ್ಶನ. ವಿದೇಶಿ ಅತಿಥಿಗಳು ಕುರ್ಚಿಯಲ್ಲಿ ಕೂತು ತಲೆ ಎತ್ತಿ ನೋಡುತ್ತಿದ್ದಾರೆ. ಹೊಸ ಬೈಸನ್ ಬಾಂಬರ್‌ಗಳು ಸಾಲಾಗಿ ಹಾರಿ ಹೋದವು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು. ಮತ್ತೊಂದು ಸಾಲು. ಅಮೆರಿಕದವರು ಬೆರಳು ಮಡಚಿ ಲೆಕ್ಕ ಹಾಕಿದರು. ಕಣ್ಣಿಗೆ ಮರೆಯಾದ ಮೇಲೆ ಅದೇ ವಿಮಾನಗಳು ಸುತ್ತು ಹೊಡೆದು ಮತ್ತೆ ಬರುತ್ತಿದ್ದವು ಅನ್ನೋದು ಆಮೇಲೆ ಗೊತ್ತಾಗಿದ್ದು. ವಾಷಿಂಗ್ಟನ್‌ನಲ್ಲಿ ಆ ಲೆಕ್ಕವನ್ನು ಗುಣಿಸಿದರು, ಇಷ್ಟು ವರ್ಷಕ್ಕೆ ಇಷ್ಟು ನೂರು ಬಾಂಬರ್ ಅಂತ ಗ್ರಾಫ್ ಎಳೆದರು, ಪತ್ರಿಕೆಗಳಲ್ಲಿ ಅಯ್ಯೋ ಹಿಂದೆ ಬಿದ್ದೆವು ಅಂತ ಗೋಳೋ ಅಂದರು. 1956ರ ಜುಲೈ 4ರಂದು ಯು-2 ಬೇಹುಗಾರಿಕೆ ವಿಮಾನ ಮೊದಲ ಸಲ ಸೋವಿಯತ್ ನೆಲದ ಮೇಲೆ ಹಾರಿತು. ಆ ಹಾರಾಟಗಳ ಫೋಟೋಗಳಲ್ಲಿ ನೂರಾರು ಬಾಂಬರ್‌ಗಳ ಸುಳಿವೇ ಇಲ್ಲ. ಆಗಿನ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಸತ್ಯ ತಿಳಿಯಿತು, ಆದರೆ ಬಾಯಿ ಬಿಡುವ ಹಾಗಿಲ್ಲ, ಬಿಟ್ಟರೆ ಕದ್ದು ನೋಡಿದ್ದು ಒಪ್ಪಿಕೊಂಡಂತೆ. ಹೀಗೆ ಒಬ್ಬರು ಇಲ್ಲದ ವಿಮಾನ ತೋರಿಸಿದರು, ಇನ್ನೊಬ್ಬರು ಇಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದರು. ಅಮೆರಿಕ ಮಾತ್ರ ನಿಜವಾಗಿಯೂ 744 ಬಿ-52 ಬಾಂಬರ್‌ಗಳನ್ನು ಕಟ್ಟಿತು. ಅವುಗಳಲ್ಲಿ ಕೆಲವು ಇವತ್ತಿಗೂ ಹಾರುತ್ತಿವೆ.

ಬಾಂಬರ್ ನಾಟಕ ಮುಗಿಯುವ ಹೊತ್ತಿಗೆ ಕ್ಷಿಪಣಿ ನಾಟಕ ಶುರು. 1957ರ ಅಕ್ಟೋಬರ್ 4ರಂದು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಮೇಲಕ್ಕೆ ಹೋಯಿತು. ಆಗಿನ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಎಲ್ಲಿಲ್ಲದ ಹುರುಪು. ನಮ್ಮ ಕಾರ್ಖಾನೆಗಳಲ್ಲಿ ಕ್ಷಿಪಣಿಗಳು ಸಾಸೇಜ್ ತರ ಒಂದರ ಹಿಂದೆ ಒಂದು ಬರುತ್ತಿವೆ ಅಂದುಬಿಟ್ಟರು. ಅವರ ಮಗ ಸೆರ್ಗೆಯ್ ಸ್ವತಃ ರಾಕೆಟ್ ಎಂಜಿನಿಯರ್. ಅಪ್ಪಾ, ನಮ್ಮಲ್ಲಿರೋದೇ ಎರಡೋ ಮೂರೋ, ಹೇಗೆ ಹಾಗೆ ಹೇಳ್ತೀರಿ ಅಂತ ಕೇಳಿದರಂತೆ. ಅಮೆರಿಕದವರು ನಂಬಿದರೆ ಸಾಕು ಅನ್ನೋದು ಅಪ್ಪನ ಉತ್ತರದ ಸಾರಾಂಶ. ನಂಬದೆ ಏನು, 1960ರ ಚುನಾವಣೆಯಲ್ಲಿ ಜಾನ್ ಕೆನಡಿ ಊರೂರು ತಿರುಗಿ ಕ್ಷಿಪಣಿಯಲ್ಲಿ ನಾವು ಹಿಂದೆ ಬಿದ್ದಿದ್ದೇವೆ ಅಂತ ಕ್ರುಶ್ಚೇವ್ ಪರವಾಗಿ ಪುಕ್ಕಟೆ ಪ್ರಚಾರ ಮಾಡಿ ಗೆದ್ದರು. ಗೆದ್ದು ಕುರ್ಚಿ ಹಿಡಿದ ಕೆಲವೇ ವಾರದಲ್ಲಿ, 1961ರ ಫೆಬ್ರವರಿಯಲ್ಲಿ, ಅವರ ರಕ್ಷಣಾ ಸಚಿವ ಮೆಕ್‌ನಮಾರ ಪತ್ರಕರ್ತರ ಹತ್ತಿರ ಖಾಸಗಿಯಾಗಿ ಬಾಯಿ ಬಿಟ್ಟರು: ಅಂಥ ಕೊರತೆ ಏನೂ ಇಲ್ಲ, ಇದ್ದರೆ ಅದು ರಷ್ಯಾದ ಕಡೆ. ಮರುದಿನ ಪೇಪರಿನಲ್ಲಿ ಬಂತು, ಗದ್ದಲವಾಯಿತು, ಅವರೂ ಕುರ್ಚಿ ಬಿಡಲಿಲ್ಲ, ಚುನಾವಣೆಯೂ ಮತ್ತೆ ನಡೆಯಲಿಲ್ಲ. ಉಪಗ್ರಹದ ಫೋಟೋಗಳು ಬಂದ ಮೇಲೆ ಖಂಡಾಂತರ ಕ್ಷಿಪಣಿಗಳು ಬೆರಳೆಣಿಕೆಯಷ್ಟು ಅಂತ ಖಾತ್ರಿಯಾಯಿತು. ಖಾತ್ರಿಯಾದ ಮೇಲೆ ಕಾರ್ಖಾನೆ ನಿಲ್ಲಿಸಿದರಾ? ಎಲ್ಲಿ ಬಂತು! ಆ ದಶಕ ಮುಗಿಯುವ ಮೊದಲು 1,000 ಮಿನಿಟ್‌ಮನ್ ಕ್ಷಿಪಣಿಗಳನ್ನು ನೆಲದೊಳಗೆ ನಿಲ್ಲಿಸಿದರು.

1961ರ ಅಕ್ಟೋಬರ್‌ನಲ್ಲಿ ಅಮೆರಿಕ ಬಹಿರಂಗವಾಗಿಯೇ ನಿಮ್ಮ ಬಂಡವಾಳ ನಮಗೆ ಗೊತ್ತು ಅಂದಿತು. ಕ್ರುಶ್ಚೇವ್ ಮುಖಭಂಗ. ಹತ್ತು ದಿನದೊಳಗೆ ಸೋವಿಯತ್ ಒಕ್ಕೂಟ ನೊವಾಯ ಜೆಮ್ಲ್ಯ ದ್ವೀಪದ ಮೇಲೆ 50 ಮೆಗಾಟನ್ನಿನ ಬಾಂಬ್ ಸಿಡಿಸಿತು. ಜಗತ್ತಿನ ಅತಿ ದೊಡ್ಡ ಬಾಂಬ್, ಮೂಲ ವಿನ್ಯಾಸ 100 ಮೆಗಾಟನ್ನಿನದ್ದು, ಸ್ವಲ್ಪ ಮರ್ಯಾದೆಯಿಂದ ಅರ್ಧಕ್ಕೆ ಇಳಿಸಿದ್ದರು. ಯುದ್ಧಕ್ಕೆ ಅಷ್ಟೇನೂ ಉಪಯೋಗವಿಲ್ಲ, ಹೊರುವುದೇ ಕಷ್ಟ. ಮುಂದಿನ ವರ್ಷ ದೂರದ ಕ್ಷಿಪಣಿ ಸಾಲದ್ದಕ್ಕೆ ಹತ್ತಿರದ ಕ್ಷಿಪಣಿಗಳನ್ನು ಅಮೆರಿಕದ ಪಕ್ಕದ ಕ್ಯೂಬಾಕ್ಕೆ ಸಾಗಿಸಿದರು. ಬಡಾಯಿ ಬಯಲಾಗಿದ್ದು ಅದಕ್ಕೆ ಒಂದು ಮುಖ್ಯ ಕಾರಣ.

ಕ್ಯೂಬಾ ಬಿಕ್ಕಟ್ಟಿನ ಆ ದಿನಗಳ ಬಗ್ಗೆ ಗಂಭೀರ ಪುಸ್ತಕಗಳು ಬೇಕಾದಷ್ಟಿವೆ. ನನಗೆ ಇಷ್ಟವಾದದ್ದು ಸೈಕಲ್ಲು. ಕ್ಷಿಪಣಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಅರ್ಧ ಗಂಟೆಯಲ್ಲಿ ತಲುಪುತ್ತಿತ್ತು. ಆದರೆ ವಾಷಿಂಗ್ಟನ್‌ನ ಸೋವಿಯತ್ ರಾಯಭಾರಿ ದೊಬ್ರಿನಿನ್ ಮಾಸ್ಕೋಗೆ ತುರ್ತು ಸಂದೇಶ ಕಳಿಸಬೇಕಾದರೆ ವೆಸ್ಟರ್ನ್ ಯೂನಿಯನ್‌ಗೆ ಫೋನ್ ಮಾಡಬೇಕು, ಅಲ್ಲಿಂದ ಒಬ್ಬ ಹುಡುಗ ಸೈಕಲ್ ತುಳಿದುಕೊಂಡು ಬಂದು ಟೆಲಿಗ್ರಾಮ್ ತೆಗೆದುಕೊಂಡು ಹೋಗಬೇಕು. ಆ ಹುಡುಗ ದಾರಿಯಲ್ಲಿ ಹುಡುಗಿ ಜೊತೆ ಮಾತಾಡುತ್ತಾ ನಿಲ್ಲದಿದ್ದರೆ ಸಾಕಪ್ಪಾ ಅಂತ ನಾವು ಪ್ರಾರ್ಥಿಸುತ್ತಿದ್ದೆವು ಅನ್ನುವ ಅರ್ಥದಲ್ಲಿ ದೊಬ್ರಿನಿನ್ ಬರೆದುಕೊಂಡಿದ್ದಾರೆ. ಅದೇ ವಾರ ಅಮೆರಿಕದ ಡುಲುತ್‌ನ ಒಂದು ಸೇನಾ ನೆಲೆಯಲ್ಲಿ ರಾತ್ರಿ ಯಾರೋ ಬೇಲಿ ಹತ್ತಿದ್ದು ಕಂಡು ಕಾವಲಿನವನು ಗುಂಡು ಹಾರಿಸಿ ಅಲಾರಂ ಒತ್ತಿದ. ಸುತ್ತಲಿನ ನೆಲೆಗಳಲ್ಲೂ ಅಲಾರಂ ಆಯಿತು. ವಿಸ್ಕಾನ್ಸಿನ್‌ನ ಒಂದು ಕಡೆ ತಪ್ಪು ಗಂಟೆ ಬಾರಿಸಿ, ಅಣ್ವಸ್ತ್ರ ಹೊತ್ತ ಯುದ್ಧವಿಮಾನಗಳು ಹಾರಲು ಹೊರಟೇಬಿಟ್ಟವು. ಬೇಲಿ ಹತ್ತಿದ್ದು ಕರಡಿ. ಕಮ್ಯುನಿಸ್ಟೋ ಬಂಡವಾಳಶಾಹಿಯೋ ಅಂತ ಅದನ್ನು ವಿಚಾರಿಸಿದ ದಾಖಲೆ ಇಲ್ಲ.

ಈ ಮಧ್ಯೆ ನಮ್ಮವರು ಏನು ಮಾಡುತ್ತಿದ್ದರು? ಇಬ್ಬರ ಹತ್ತಿರವೂ ಇಸಿದುಕೊಳ್ಳುತ್ತಿದ್ದರು, ಅದರ ಹೆಸರು ಅಲಿಪ್ತ ನೀತಿ. ನಾನು ಇದನ್ನು ಗೇಲಿ ಮಾಡಲ್ಲ, ಇಡೀ ಪ್ರಹಸನದಲ್ಲಿ ಸ್ವಲ್ಪ ಬುದ್ಧಿ ಉಪಯೋಗಿಸಿದವರು ಇವರೇ ಅನಿಸುತ್ತೆ. ಉಕ್ಕಿಗೆ ಭಿಲಾಯಿಯಲ್ಲಿ ಸೋವಿಯತ್ ಕಾರ್ಖಾನೆ, ಹೊಟ್ಟೆಗೆ ಅಮೆರಿಕದ ಗೋಧಿ. ಆಗಿನ ನಮ್ಮ ಹಳ್ಳಿ ಶಾಲೆಯ ಮಕ್ಕಳು ಮಧ್ಯಾಹ್ನ ಅಮೆರಿಕದ ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದು, ಕನ್ನಡದಲ್ಲೇ ಬರುತ್ತಿದ್ದ ಸೋವಿಯತ್ ಪತ್ರಿಕೆಯ ನುಣುಪು ಹಾಳೆ ಹರಿದು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದರು. 1975ನೇ ಇಸವಿಯನ್ನೇ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟವನ್ನು ಸೋವಿಯತ್ ರಾಕೆಟ್ ಮೇಲಕ್ಕೆ ಹೊತ್ತೊಯ್ದಿತು. ಆಗಸ್ಟ್‌ನಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಅಮೆರಿಕದ ಉಪಗ್ರಹದಿಂದ ಟಿವಿ ಬಂತು. ಬೇಲಿ ಮೇಲೆ ಕೂತವರಿಗೆ ಎರಡೂ ಕಡೆಯ ಮಾವಿನಕಾಯಿ ಸಿಕ್ಕಿತು, ಅಲ್ವಾ?

ಮತ್ತೆ ಲೆಕ್ಕಕ್ಕೆ ಬರೋಣ. ಕ್ಯೂಬಾದಿಂದ ಕ್ಷಿಪಣಿಗಳನ್ನು ವಾಪಸ್ ತೆಗೆದು ಮುಖ ಕೆಡಿಸಿಕೊಂಡ ಮೇಲೆ ಸೋವಿಯತ್ತರು ಬಡಾಯಿ ಬಿಟ್ಟು ನಿಜವಾಗಿಯೂ ಕಟ್ಟಲು ಕೂತರು. ಅಮೆರಿಕ ಹತ್ತು ವರ್ಷ ಬಾಯಲ್ಲಿ ಹೇಳಿದ್ದನ್ನು ಅವರು ಇಪ್ಪತ್ತು ವರ್ಷದಲ್ಲಿ ಮಾಡಿ ತೋರಿಸಿದರು. 1986ರ ಹೊತ್ತಿಗೆ ಸೋವಿಯತ್ ಒಕ್ಕೂಟದಲ್ಲೇ ಸುಮಾರು 40,000 ಅಣು ಸಿಡಿತಲೆ, ಇಡೀ ಜಗತ್ತಿನಲ್ಲಿ ಸುಮಾರು 70,000. ಅಂಗಡಿಯಲ್ಲಿ ಸಾಬೂನಿಗೆ ಕ್ಯೂ.

ಎಣಿಸುವ ಚಟ ಈಗ ಮಾಸ್ಕೋಗೂ ಹತ್ತಿತು. 1981ರಲ್ಲಿ ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿ ಒಂದು ದೊಡ್ಡ ಕಾರ್ಯಾಚರಣೆ ಶುರು ಮಾಡಿತು. ಅಮೆರಿಕ ಯಾವಾಗ ಬಾಂಬ್ ಹಾಕುತ್ತೆ ಅಂತ ಮೊದಲೇ ಕಂಡುಹಿಡಿಯಬೇಕು. ಲಂಡನ್‌ನಲ್ಲಿದ್ದ ಏಜೆಂಟರಿಗೆ ಆಜ್ಞೆ ಬಂತು: ರಕ್ಷಣಾ ಇಲಾಖೆಯ ಕಟ್ಟಡದಲ್ಲಿ ರಾತ್ರಿ ಎಷ್ಟು ಕಿಟಕಿಯಲ್ಲಿ ದೀಪ ಉರಿಯುತ್ತಿದೆ ಎಣಿಸಿ. ದೀಪ ಹಾಕಿದವರು ಕಸ ಗುಡಿಸುವವರೂ ಇರಬಹುದು ಅನ್ನೋದು ದುಡಿಯುವ ವರ್ಗದ ಸರ್ಕಾರಕ್ಕೆ ಹೊಳೆಯಲಿಲ್ಲ. ಇನ್ನೊಂದು ಆಜ್ಞೆ: ರಕ್ತದಾನ ಕೇಂದ್ರಗಳಲ್ಲಿ ರಕ್ತದ ರೇಟು ಏರಿದೆಯಾ ನೋಡಿ, ಏರಿದರೆ ಯುದ್ಧ ಹತ್ತಿರ. ಬ್ರಿಟನ್‌ನಲ್ಲಿ ಜನ ರಕ್ತವನ್ನು ಪುಕ್ಕಟೆ ಕೊಡುತ್ತಿದ್ದರು. ಬಂಡವಾಳಶಾಹಿಗಳು ಏನನ್ನಾದರೂ ಪುಕ್ಕಟೆ ಕೊಟ್ಟಾರು ಅನ್ನೋದು ಮಾಸ್ಕೋದ ಸಿಲೆಬಸ್‌ನಲ್ಲಿ ಇರಲಿಲ್ಲ. ಏಜೆಂಟರು ಇದನ್ನೆಲ್ಲ ನಂಬುತ್ತಿರಲಿಲ್ಲ ಅಂತ ಅವರಲ್ಲೇ ಒಬ್ಬರಾಗಿದ್ದ ಗೊರ್ಡಿಯೆವ್‌ಸ್ಕಿ ಆಮೇಲೆ ಹೇಳಿದರು. ಆದರೆ ಮೇಲಿನವರು ಕೇಳಿದ್ದಾರೆ, ಏನಾದರೂ ಬರೆದು ಕಳಿಸಬೇಕು, ಕಳಿಸುತ್ತಿದ್ದರು. ಅದನ್ನು ಓದಿ ಮೇಲಿನವರು ಇನ್ನೂ ಹೆದರುತ್ತಿದ್ದರು, ಇನ್ನೂ ಎಣಿಸಿ ಅನ್ನುತ್ತಿದ್ದರು.

ಹೀಗೆ ಎಲ್ಲರೂ ಎಣಿಸುತ್ತಾ ಕೂತಿದ್ದಾಗ 1983ರ ಸೆಪ್ಟೆಂಬರ್ 26ರ ರಾತ್ರಿ, ಮಾಸ್ಕೋ ಹತ್ತಿರದ ಒಂದು ಬಂಕರಿನಲ್ಲಿ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್ ಡ್ಯೂಟಿಯಲ್ಲಿದ್ದರು. ಅಮೆರಿಕದಿಂದ ಒಂದು ಕ್ಷಿಪಣಿ ಹೊರಟಿದೆ ಅಂತ ಉಪಗ್ರಹದ ಕಂಪ್ಯೂಟರ್ ಕೂಗಿತು. ಆಮೇಲೆ ಇನ್ನೊಂದು, ಒಟ್ಟು ಐದು. ಸಾವಿರಗಟ್ಟಲೆ ಇಟ್ಟುಕೊಂಡವರು ಬರೀ ಐದರಲ್ಲಿ ಯುದ್ಧ ಶುರು ಮಾಡುತ್ತಾರಾ ಅಂತ ಪೆಟ್ರೋವ್‌ಗೆ ಅನುಮಾನ. ಇದು ಸುಳ್ಳು ಅಲಾರಂ ಅಂತ ಮೇಲಕ್ಕೆ ತಿಳಿಸಿದರು. ಸುಳ್ಳೇ ಆಗಿತ್ತು, ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು. ಮೇಲಧಿಕಾರಿಗಳು ತನಿಖೆಗೆ ಬಂದರು. ಮಾಡಿದ್ದು ಸರಿ ಅಂದರು. ಆಮೇಲೆ ಆ ಹೊತ್ತಿನಲ್ಲಿ ಲಾಗ್ ಬುಕ್ ಯಾಕೆ ತುಂಬಲಿಲ್ಲ ಅಂತ ಗದರಿಸಿದರು. ಒಂದು ಕೈಯಲ್ಲಿ ಫೋನ್ ಇತ್ತು, ಇನ್ನೊಂದರಲ್ಲಿ ಇಂಟರ್‌ಕಾಮ್ ಇತ್ತು, ಮೂರನೇ ಕೈ ನನಗಿಲ್ಲ ಅಂದರು ಪೆಟ್ರೋವ್.