ಉದ್ಘಾಟನೆಗೊಂದು ಆ್ಯಪ್

ನಮ್ಮ ಕಾಸರಗೋಡಿನಲ್ಲಿ ಕುಂಬಳೆಯಿಂದ ಮುಳ್ಳೇರಿಯದವರೆಗೆ ಈಗ ಆ್ಯಪ್ ಇಲ್ಲದ ಸಮಿತಿಗೆ ಮರ್ಯಾದೆಯಿಲ್ಲ. ಬ್ರಹ್ಮಕಲಶೋತ್ಸವಕ್ಕೆ ಒಂದು ಆ್ಯಪ್, ಭಜನಾ ಮಂದಿರಕ್ಕೆ ಇನ್ನೊಂದು, ಅಡಿಕೆ ಧಾರಣೆ ತಿಳಿಸುವುದಕ್ಕೆ ಮತ್ತೊಂದು. ಧಾರಣೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲೇ ಬಂದು ಬಿದ್ದಿರುತ್ತದೆ, ಆ ಮಾತು ಬೇರೆ. ವಾಟ್ಸ್‌ಆ್ಯಪ್ ಗುಂಪಿನ ಉದ್ಘಾಟನೆಗೆ ಮಂತ್ರಿಗಳನ್ನು ಕರೆಯಲಾಗುತ್ತದೆಯೇ?

ಈ ಬೇಡಿಕೆ ಕಂಡು ನಮ್ಮ ಹುಡುಗರು ಆ್ಯಪ್ ಡೆವಲಪರ್ ಆಗಲು ಹೊರಟಿದ್ದಾರೆ. ಆ್ಯಪ್ ಕಟ್ಟಲು ಕೋಟ್ಲಿನ್ ಕಲಿಯಲೋ ಫ್ಲಟರ್ ಕಲಿಯಲೋ ಎಂದು ಮಗ ತಲೆ ಕೆಡಿಸಿಕೊಂಡರೆ, ತೋಟಕ್ಕೆ ಮದ್ದು ಬಿಡಿಸುತ್ತ ನಿಂತ ಅಪ್ಪ ಕೇಳುವುದು ಒಂದೇ: "ಗಲ್ಫಿಗೆ ವೀಸಾ ಸಿಗುವುದು ಯಾವುದರಲ್ಲಿ?" ಗಲ್ಫಿನ ವಿಷಯ ಆಮೇಲೆ. ಮೊದಲ ಗಿರಾಕಿ ಊರಿನಲ್ಲೇ ಕಾದಿರುತ್ತಾನೆ.

"ಒಂದು ಸಣ್ಣ ಆ್ಯಪ್ ಸಾಕು ಮಾರಾಯ," ಎನ್ನುತ್ತಾರೆ ಸಮಿತಿಯ ಅಧ್ಯಕ್ಷರು. "ಸೇವೆ ಬುಕ್ ಆಗಬೇಕು, ಹಣ ಕಟ್ಟಲಿಕ್ಕಾಗಬೇಕು, ರಶೀದಿ ಬರಬೇಕು, ಜಾತ್ರೆ ನೇರಪ್ರಸಾರದಲ್ಲಿ ಕಾಣಬೇಕು. ಕನ್ನಡ, ತುಳು, ಮಲಯಾಳ ಮೂರೂ ಇರಲಿ. ಬರುವ ಆದಿತ್ಯವಾರ ಮಂತ್ರಿಗಳು ಬರುತ್ತಾರೆ."

ಖರ್ಚಿನ ಮಾತೆತ್ತಿದರೆ, "ದೇವರ ಕೆಲಸಕ್ಕೆ ದುಡ್ಡು ಕೇಳುವುದೇ?" ಪೆಂಡಾಲಿನವರು, ಮೈಕಿನವರು, ಅಡುಗೆಯವರು ಮಾಡುವುದೂ ಅದೇ ದೇವರ ಕೆಲಸ, ಅವರೆಲ್ಲ ಮುಂಗಡ ಪಡೆದೇ ಗುಂಡಿ ತೋಡುವುದು, ಒಲೆ ಹೂಡುವುದು. ಭಕ್ತಿಯಿಂದ ದುಡಿಯಬೇಕಾದವನು ಲ್ಯಾಪ್‌ಟಾಪಿನ ಮುಂದೆ ಕೂತವನೊಬ್ಬನೇ.

ಪ್ಲೇ ಸ್ಟೋರಿನಲ್ಲಿ ಖಾತೆ ತೆರೆಯುವ 25 ಡಾಲರನ್ನು ಹುಡುಗ ಕೈಯಿಂದಲೇ ಹಾಕುತ್ತಾನೆ. ಆಗ ಎದುರಾಗುತ್ತದೆ ಗೂಗಲಿನ ನಿಯಮ. 2023ರ ನವೆಂಬರ್ ನಡುವಿನ ಬಳಿಕ ತೆರೆದ ವೈಯಕ್ತಿಕ ಖಾತೆಯಾದರೆ, ಕನಿಷ್ಠ 12 ಮಂದಿ ಸತತ 14 ದಿನ ಪರೀಕ್ಷಕರಾಗಿರಬೇಕು. ಪ್ರಕಟಣೆಗೆ ಅರ್ಜಿ ಹಾಕುವುದು ಅನಂತರ. ಮಂತ್ರಿಗಳು ಬರುವುದು ಆದಿತ್ಯವಾರ. ಸಮಿತಿ ತುರ್ತು ಸಭೆ ಸೇರಿ ಗೂಗಲಿಗೆ ಮನವಿ ಸಲ್ಲಿಸಲು ನಿರ್ಣಯಿಸುತ್ತದೆ. ನಗಬೇಡಿ. ಕೇರಳಕ್ಕೆ ಸೇರಿಹೋದ 1956ರಿಂದ ಮನವಿ ಕೊಟ್ಟೇ ಕೈ ಪಳಗಿದ ಕಾಸರಗೋಡು ಇದು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಎಂದ 1967ರ ಮಹಾಜನ ವರದಿಯನ್ನು ಇಂದಿಗೂ ಭಾಷಣಕ್ಕೆ ಮಾತ್ರ ಹೊರತೆಗೆಯುತ್ತಿದ್ದೇವೆ.

ಅಷ್ಟರಲ್ಲಿ ಹುಡುಗ ಅಜ್ಜಿ, ಭಾವ, ಪಕ್ಕದ ಮನೆಯವರನ್ನೆಲ್ಲ ಪರೀಕ್ಷಕರನ್ನಾಗಿ ಸೇರಿಸಿ ತಲೆ ಎಣಿಸಿಕೊಂಡಿರುತ್ತಾನೆ. ನಡುವೆ ಅತ್ತೆ, "ಏನೋ ಇಂಗ್ಲಿಷಿನಲ್ಲಿ ಬಂತು, ಒತ್ತಿದೆ," ಎಂದು ಪರೀಕ್ಷೆಯಿಂದಲೇ ಹೊರಬೀಳುತ್ತಾರೆ. ಹನ್ನೊಂದೇ ಮಂದಿ ಉಳಿದರು. ದಿನಗಣನೆ ಮತ್ತೆ ಒಂದರಿಂದ.

ಹಾಗೆಂದು ಉದ್ಘಾಟನೆ ನಿಲ್ಲುವುದಿಲ್ಲ. ಆ್ಯಪಿನ ಚಿತ್ರವೊಂದನ್ನು ಪರದೆಗೆ ಹಾಕುತ್ತಾರೆ, ಮಂತ್ರಿಗಳು ಆ ಚಿತ್ರಕ್ಕೇ ಬೆರಳು ಒತ್ತುತ್ತಾರೆ. ಚಪ್ಪಾಳೆ. "ನಮ್ಮೂರಿನ ಹೆಮ್ಮೆಯ ಯುವಪ್ರತಿಭೆ"ಗೆ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ. ಆ್ಯಪಿನೊಳಗೆ ಡಿಜಿಟಲ್ ಸರಕು ಮಾರಿ ಗಳಿಸಿದ್ದರಲ್ಲಿ ಮೊದಲ ಹತ್ತು ಲಕ್ಷ ಡಾಲರಿನವರೆಗೆ ಗೂಗಲ್ ಶೇ. 15 ಪಾಲು ಹಿಡಿಯುವ ಕ್ರಮ ಇತ್ತಂತೆ. ಶಾಲಿನಲ್ಲಿ ಶೇ. 15ನ್ನು ಯಾವ ಅಂಚಿನಿಂದ ಕತ್ತರಿಸಬೇಕೆಂದು ಅವರೂ ಹೇಳಿರಲಿಲ್ಲ.

ಕೊನೆಗೂ ಆ್ಯಪ್ ಪ್ರಕಟವಾಗುತ್ತದೆ. ಪ್ಲೇ ಸ್ಟೋರಿನಲ್ಲಿ "10+" ಡೌನ್‌ಲೋಡ್ ಎಂದು ಕಾಣುತ್ತದೆ. ಆ ಪ್ಲಸ್ ಚಿಹ್ನೆಯೊಳಗೆ ಅತ್ತೆಯೂ ಇದ್ದಾರೆ.

ವರ್ಷ ಕಳೆದು ಸಮಿತಿ ಬದಲಾಗುತ್ತದೆ. ಹಳೆಯ ಅಧ್ಯಕ್ಷರ ಫೋಟೋ ಇರುವ ಆ್ಯಪ್ ಹೊಸಬರಿಗೆ ಹೇಗೆ ಹಿಡಿಸೀತು? ಹೊಸತೇ ಬೇಕು. ಹೊಸ ಅಧ್ಯಕ್ಷರ ಮಗ ದುಬೈಯಲ್ಲಿ ಐಫೋನ್ ಇಟ್ಟುಕೊಂಡಿರುವುದರಿಂದ ಅದರಲ್ಲಿಯೂ ಬರಬೇಕು. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕೆಂದು ಹುಡುಗ ಹೇಳಿದ್ದಾನೆ. ಕೋಶಾಧಿಕಾರಿಗಳು ಕನ್ನಡಕ ಮೇಲೇರಿಸಿ ಕೇಳಿದ್ದಾರೆ: "ಅವನೊಬ್ಬನ ಫೋನಿಗೆ ಮಾತ್ರ ಹಾಕುವುದಾದರೆ ಎಷ್ಟಾದೀತು?"