ಹೊಸ್ತಿಲ ಮೇಲೆ ಕುಳಿತ ಪ್ರಾಧ್ಯಾಪಕ

ಎದುರಿಗೆ ಬಂದವರಲ್ಲಿ ಯಾರು ನಮಸ್ಕಾರ ಹೇಳುತ್ತಾರೆ, ಯಾರು ಕಣ್ಣು ತಪ್ಪಿಸಿ ಹೋಗುತ್ತಾರೆ ಎಂಬುದನ್ನು ಗಮನಿಸಿ ಅದರಿಂದಲೇ ಶಾಸ್ತ್ರ ಕಟ್ಟಿದವರು ರಾಬರ್ಟ್ ಮರ್ಫಿ. ಅಂಗವೈಕಲ್ಯದ ಅಧ್ಯಯನ ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಅಮೆರಿಕದ ಮಾನವಶಾಸ್ತ್ರಜ್ಞ.

1952ರಲ್ಲಿ ಪತ್ನಿ ಯೋಲಾಂಡಾ ಜೊತೆ ಬ್ರೆಜಿಲ್‌ನ ಅಮೆಜಾನ್ ಕಾಡಿಗೆ ಹೋಗಿ ಮುಂಡುರುಕು ಜನರ ನಡುವೆ ಸುಮಾರು ಒಂದು ವರ್ಷ ಇದ್ದವರು. ಆಮೇಲೆ ಸಹಾರಾ ಕಡೆಯ ತುವಾರೆಗ್ ಜನರ ಅಧ್ಯಯನ, 1963ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ. 1976ರಲ್ಲಿ ಬೆನ್ನುಹುರಿಯಲ್ಲಿ ಗೆಡ್ಡೆ ಇರುವುದು ಗೊತ್ತಾಯಿತು. ಕಾಲುಗಳು ಸೋತವು, ಬರುಬರುತ್ತಾ ಕೈಗಳೂ ಸೋತವು. ಗಾಲಿಕುರ್ಚಿಯಲ್ಲೇ ತರಗತಿಗೆ ಹೋದರು. ಕಾಯಿಲೆಯನ್ನು ಒಂದು ಸುದೀರ್ಘ ಕ್ಷೇತ್ರಕಾರ್ಯವೆಂದು, ಅಂದರೆ ಜನರ ನಡುವೆಯೇ ಇದ್ದು ಮಾಡುವ ಅಧ್ಯಯನವೆಂದು ಭಾವಿಸಿ 1987ರಲ್ಲಿ 'ದಿ ಬಾಡಿ ಸೈಲೆಂಟ್' ಬರೆದರು.

ಗಾಲಿಕುರ್ಚಿಗೆ ಬಂದ ಮೇಲೆ ಪರಿಚಯದ ಸಹೋದ್ಯೋಗಿಗಳು ಮುಖ ತಿರುಗಿಸತೊಡಗಿದರಂತೆ. ಅದುವರೆಗೆ ಮಾತಾಡಿಸದಿದ್ದ ಕಪ್ಪು ಜನಾಂಗದ ಕಾವಲುಗಾರರು ನಮಸ್ಕಾರ ಹೇಳತೊಡಗಿದರಂತೆ. ಹೆಂಗಸರಿಗೂ ಅವರೆದುರು ಮೊದಲಿನ ಬಿಗುವು ಉಳಿಯಲಿಲ್ಲ. ಬಿಳಿಯ ಪ್ರೊಫೆಸರ್ ಸಮಾಜದ ಏಣಿಯಲ್ಲಿ ಎಷ್ಟು ಮೆಟ್ಟಿಲು ಇಳಿದಿದ್ದಾನೆ ಎಂಬುದನ್ನು ಮರ್ಫಿ ಇದರಲ್ಲೇ ಓದಿಕೊಂಡರು. ಇಂಥ ಕಣ್ಣು ವೈದ್ಯರಿಗೆ ಇರುವುದಿಲ್ಲ.

ಹುಡುಗನನ್ನು ಗಂಡಸಾಗಿಸುವ ಬುಡಕಟ್ಟಿನ ಆಚರಣೆಗಳ ನಡುವೆ ಒಂದು ಹಂತವಿರುತ್ತದೆ. ಆಗ ಅವನು ಹುಡುಗನೂ ಅಲ್ಲ, ಗಂಡಸೂ ಅಲ್ಲ, ಎರಡರ ನಡುವಿನ ಹೊಸ್ತಿಲ ಮೇಲಿರುತ್ತಾನೆ. ಅಂಗವಿಕಲರ ಪಾಡೂ ಅದೇ, ರೋಗಿಗಳೂ ಅಲ್ಲ, ಆರೋಗ್ಯವಂತರೂ ಅಲ್ಲ. ಆದರೆ ಅವರಿಗೆ ಆ ಹಂತ ಮುಗಿಯುವುದೇ ಇಲ್ಲ ಎಂದರು ಮರ್ಫಿ. ಹೊಸ್ತಿಲ ಮೇಲೆ ಕೂರಬೇಡ ಎಂದು ಮಕ್ಕಳನ್ನು ಗದರಿಸುವ ನಮಗೆ ಈ ಮಾತು ಬೇಗ ಹತ್ತಬೇಕು. (ಅಂಗದ ಊನವನ್ನು ಚೇತನಕ್ಕೇ ಅಂಟಿಸಿ 'ವಿಕಲಚೇತನ' ಎಂದು ಗೌರವಿಸುವವರೂ ನಾವೇ!)

ಒಂದು ತಕರಾರು ನನಗಿದೆ. ಇನ್ನೊಬ್ಬರನ್ನು ಅವಲಂಬಿಸುವುದನ್ನು ಮರ್ಫಿ ದೊಡ್ಡ ಸೋಲಿನಂತೆ ಕಂಡರು. ಯಾರ ಹಂಗೂ ಬೇಡವೆನ್ನುವ ಅಮೆರಿಕದ ಗಂಡಸಿನ ಹಟ ಅವರನ್ನೂ ಬಿಟ್ಟಿರಲಿಲ್ಲ. ಅವರ ಆರೈಕೆ ಮಾಡಿದ ಯೋಲಾಂಡಾ ಕೂಡ ಮಾನವಶಾಸ್ತ್ರಜ್ಞೆ. ಮುಂಡುರುಕು ಹೆಂಗಸರ ಬದುಕಿನ ಬಗ್ಗೆ 1974ರಲ್ಲಿ ಬಂದ ಪುಸ್ತಕ ಇಬ್ಬರೂ ಸೇರಿ ಬರೆದದ್ದು. 'ದಿ ಬಾಡಿ ಸೈಲೆಂಟ್' ಮಾತ್ರ ಮರ್ಫಿ ಒಬ್ಬರದೇ. 1990ರಲ್ಲಿ ಮರ್ಫಿ ತೀರಿಕೊಂಡರು. ಆರೈಕೆಯ ಪುಟಗಳಿಗೆ ಬಂದಾಗಲೆಲ್ಲ, ಕುರ್ಚಿಯ ಹಿಂದೆ ನಿಂತವರ ಟಿಪ್ಪಣಿ ಪುಸ್ತಕದಲ್ಲಿ ಏನಿದ್ದಿರಬಹುದು ಎಂದು ಯೋಚಿಸುತ್ತೇನೆ.